ಕಡಿಮೆ ಓಡುವ ಕಾರಿಗೆ ಕಿಲೋಮೀಟರ್ ಲೆಕ್ಕ ನಂಬಬೇಡಿ

ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಟರ್ಬೊ ಪೆಟ್ರೋಲ್ ಕಾರುಗಳಿವೆ ಎಂದುಕೊಳ್ಳಿ. ಒಂದು ನಮ್ಮ ತುಮಕೂರು ಜಿಲ್ಲೆಯ ಕೋರದ್ದು. ಬೆಳಿಗ್ಗೆ ಮನೆಯಿಂದ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಹೋಗುತ್ತದೆ, ಸಂಜೆ ವಾಪಸ್ ಬರುತ್ತದೆ. ದಿನಕ್ಕೆ ಎಲ್ಲ ಸೇರಿ ಹನ್ನೆರಡು ಕಿಲೋಮೀಟರ್. ಇನ್ನೊಂದು ಕುಣಿಗಲ್ಲಿನದು. ದಿನಾ ಬೆಂಗಳೂರಿಗೆ ಹೋಗಿಬರುತ್ತದೆ. ದಿನಕ್ಕೆ ಹತ್ತಿರ ಹತ್ತಿರ 140 ಕಿಲೋಮೀಟರ್. ಎರಡಕ್ಕೂ ಒಂದೇ ಡಬ್ಬಿಯ ಆಯಿಲ್ ಹಾಕಿದೆ. ಹತ್ತು ಸಾವಿರ ಕಿಲೋಮೀಟರ್ ಮುಗಿಯುವ ಹೊತ್ತಿಗೆ ಯಾವ ಕಾರಿನ ಆಯಿಲ್ ಹೆಚ್ಚು ಕೆಟ್ಟಿರುತ್ತದೆ?

ಲೆಕ್ಕ ಹಾಕಿ ನೋಡೋಣ. ಕುಣಿಗಲ್ ಕಾರು ಹತ್ತು ಸಾವಿರ ಮುಟ್ಟಲು 72 ದಿನ ಸಾಕು. ದಿನಕ್ಕೆ ಎರಡು ಸಲ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದರೂ ಒಟ್ಟು 150 ಸಲವೂ ಆಗುವುದಿಲ್ಲ. ಕೋರದ ಕಾರಿಗೆ ಅದೇ ಹತ್ತು ಸಾವಿರಕ್ಕೆ 830ಕ್ಕೂ ಹೆಚ್ಚು ದಿನ ಬೇಕು. ತಣ್ಣಗಿನ ಸ್ಟಾರ್ಟ್‌ಗಳ ಸಂಖ್ಯೆ 1,600 ದಾಟುತ್ತದೆ. ಮೇಲಾಗಿ ಒಂದು ಸಲವೂ ಆಯಿಲ್ ಪೂರ್ತಿ ಬಿಸಿಯಾಗುವಷ್ಟು ದೂರ ಆ ಕಾರು ಓಡಿರುವುದಿಲ್ಲ. ‘ನಮ್ಮ ಗಾಡಿ ಓಡೋದೇ ಇಲ್ಲ, ಆಯಿಲ್ ಇನ್ನೂ ಹೊಸದು’ ಎಂದು ಸರ್ವೀಸ್ ಮುಂದೂಡುವವರು ತಿಳಿಯಬೇಕಾದ ಮೊದಲ ಸಂಗತಿ ಇದು. ಸಣ್ಣ ಟರ್ಬೊ ಎಂಜಿನ್ನಿನಲ್ಲಿ ಆಯಿಲ್ ಕೆಡುವುದು ದೂರದಿಂದ ಮಾತ್ರವಲ್ಲ, ಕಾರನ್ನು ಓಡಿಸುವ ರೀತಿಯಿಂದಲೂ.

ಈ ಎಂಜಿನ್‌ಗಳು ನಮ್ಮ ರಸ್ತೆಗೆ ಇಷ್ಟೊಂದು ಸಂಖ್ಯೆಯಲ್ಲಿ ಬಂದಿರುವುದಕ್ಕೆ ತೆರಿಗೆಯ ಕಾರಣವೂ ಇದೆ. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1,200 ಸಿ.ಸಿ., ಡೀಸೆಲ್ ಆದರೆ 1,500 ಸಿ.ಸಿ. ಒಳಗಿನ ಎಂಜಿನ್ ಇದ್ದರೆ ಅದು ಸಣ್ಣ ಕಾರು, ಅದಕ್ಕೆ ಕಡಿಮೆ ತೆರಿಗೆ ಎಂಬ ವಿಂಗಡಣೆ 2006ರ ಬಜೆಟ್‌ನಿಂದ ಬೆಳೆದು ಬಂದದ್ದು. 2025ರ ಸೆಪ್ಟೆಂಬರ್ 22ರಿಂದ ಅಂಥ ಕಾರುಗಳಿಗೆ ಶೇ 18 ಜಿಎಸ್‌ಟಿ, ಅದಕ್ಕಿಂತ ದೊಡ್ಡವಕ್ಕೆ ಶೇ 40. ಎಂಜಿನ್ ಚಿಕ್ಕದಿರಬೇಕು, ಶಕ್ತಿ ಮಾತ್ರ ಬೇಕು ಎಂದಾಗ ಕಂಪನಿಗಳು ಟರ್ಬೊ ಮೊರೆ ಹೋದವು. 2019ರಲ್ಲಿ ಬಂದ ವೆನ್ಯೂ ಕಾರಿನ 1.2 ಲೀಟರಿನ ಸಾದಾ ಎಂಜಿನ್ 83 ಅಶ್ವಶಕ್ತಿ ಕೊಟ್ಟರೆ, ಅದೇ ಕಾರಿನ 998 ಸಿ.ಸಿ. ಟರ್ಬೊ ಎಂಜಿನ್ 120 ಕೊಟ್ಟಿತು. ನೆಕ್ಸಾನ್, ಸೋನೆಟ್, ಮ್ಯಾಗ್ನೈಟ್, ಕೈಗರ್, ಫ್ರಾಂಕ್ಸ್, ಎಕ್ಸ್‌ಯುವಿ 3ಎಕ್ಸ್‌ಒ, ಕೈಲಾಕ್ ಹೀಗೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹತ್ತು ನಿಮಿಷ ನಿಂತರೆ ಕಾಣುವ ಎಷ್ಟೋ ಹೆಸರುಗಳಲ್ಲಿ ಟರ್ಬೊ ಇದೆ. ಮಾಲೀಕರ ಅಭ್ಯಾಸ ಮಾತ್ರ ಹಳೆಯ ಸಾದಾ ಎಂಜಿನ್ ಕಾಲದ್ದೇ ಉಳಿದಿದೆ.

ಆಯಿಲ್ ಮೇಲೆ ತೇಲುವ ಶಾಫ್ಟ್

ಸೈಲೆನ್ಸರಿನ ಕಡೆ ಹೊರಟ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ ಒಳಗೆ ತುಂಬುತ್ತದೆ. ಟರ್ಬೊ ಅಂದರೆ ಇಷ್ಟೇ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಸಣ್ಣ ಕಾರಿನ ಟರ್ಬೊ ಕೆಲಸ ಮಾಡುವ ಪರಿಸ್ಥಿತಿ ಕಠಿಣವಾದದ್ದು. ಶಾಫ್ಟ್ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ಹೋಗಬಲ್ಲದು. ಪೆಟ್ರೋಲ್ ಎಂಜಿನ್ನಿನ ಹೊಗೆ ಆ ಜಾಗದಲ್ಲಿ 900 ಡಿಗ್ರಿ ದಾಟುತ್ತದೆ. ಇಷ್ಟಾಗಿಯೂ ಹೆಚ್ಚಿನ ಟರ್ಬೊಗಳಲ್ಲಿ ಶಾಫ್ಟನ್ನು ಹಿಡಿದಿರುವುದು ಬಾಲ್ ಬೇರಿಂಗ್ ಅಲ್ಲ, ಬುಷ್ ಮತ್ತು ಶಾಫ್ಟಿನ ನಡುವೆ ಹರಿಯುವ ತೆಳ್ಳನೆಯ ಆಯಿಲ್ ಪದರ. ಆ ಪದರ ಹರಿದರೆ ಲೋಹ ಲೋಹಕ್ಕೆ ತಾಗುತ್ತದೆ. ಶಬ್ದ ಬರುವ ಹೊತ್ತಿಗೆ ಹತ್ತಾರು ಸಾವಿರ ರೂಪಾಯಿಯ ಟರ್ಬೊ ಹೋಗಿರುತ್ತದೆ.

ದೇವರಾಯನದುರ್ಗದ ರಸ್ತೆಯನ್ನೇ ನೋಡಿ. ನಾಮದ ಚಿಲುಮೆ ದಾಟಿ ಏರು ಸಿಕ್ಕಿದಾಗ ಕಾರಿನಲ್ಲಿ ಐದು ಜನ, ಎ.ಸಿ. ಆನ್. ಗೇರ್ ಇಳಿಸಲು ಮನಸ್ಸಿಲ್ಲದೆ ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ತುಳಿಯುತ್ತೇವೆ. ಟರ್ಬೊಗೆ ಕಡಿಮೆ ಸುತ್ತಿನಲ್ಲೂ ಎಳೆಯುವ ಬಲ ಇರುವುದರಿಂದ ಕಾರು ಏರುತ್ತದೆ. ಆದರೆ ಒಳಗೆ ಆಗುವುದು ಬೇರೆ. ಸುಮಾರು ಎರಡು ಸಾವಿರ ಸುತ್ತಿನ ಒಳಗೆ, ಪೂರ್ತಿ ಭಾರದಲ್ಲಿ, ಪಿಸ್ಟನ್ ರಿಂಗಿನ ಸಂದಿಯಲ್ಲಿ ಕೂತ ಆಯಿಲ್ ಮತ್ತು ಪೆಟ್ರೋಲ್ ಬೆರೆತ ಹನಿ ಸ್ಪಾರ್ಕ್ ಬರುವ ಮೊದಲೇ ಹೊತ್ತಿಕೊಳ್ಳಬಹುದು. ಇದನ್ನು ಎಂಜಿನಿಯರ್‌ಗಳು ಎಲ್‌ಎಸ್‌ಪಿಐ ಎನ್ನುತ್ತಾರೆ. ಜೋರಾಗಿ ಆದರೆ ಪಿಸ್ಟನ್ನಿನ ಅಂಚೇ ಮುರಿಯುತ್ತದೆ. ಆಯಿಲ್‌ನಲ್ಲಿ ಕೊಳೆ ತೊಳೆಯಲು ಬೆರೆಸುವ ಕ್ಯಾಲ್ಸಿಯಂ ರಾಸಾಯನಿಕಗಳು ಹೆಚ್ಚಾದಷ್ಟೂ ಈ ಅಪಾಯ ಏರುತ್ತದೆ, ಅದರಲ್ಲಿ ಒಂದು ಪಾಲನ್ನು ಮೆಗ್ನೀಸಿಯಂಗೆ ಬದಲಿಸಿದರೆ ಇಳಿಯುತ್ತದೆ ಎಂಬುದು ಪರೀಕ್ಷೆಗಳಲ್ಲಿ ಗೊತ್ತಾಯಿತು. ಅದಕ್ಕಾಗಿಯೇ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 2018ರಲ್ಲಿ ‘ಎಸ್‌ಎನ್ ಪ್ಲಸ್’, 2020ರಲ್ಲಿ ‘ಎಸ್‌ಪಿ’ ಎಂಬ ಹೊಸ ದರ್ಜೆಗಳನ್ನು ತಂದಿತು. 2025ರಲ್ಲಿ ‘ಎಸ್‌ಕ್ಯು’ ಬಂದಿದೆ. ಏರಿನಲ್ಲಿ ಗೇರ್ ಇಳಿಸುವುದು ಮತ್ತು ಸರಿಯಾದ ದರ್ಜೆಯ ಆಯಿಲ್ ಹಾಕುವುದು, ಎರಡೂ ಒಂದೇ ಕಾಯಿಲೆಗೆ ಮದ್ದು.

ಬೆಟ್ಟದ ಮೇಲೆ ಹೋಗಿ ನಿಲ್ಲಿಸಿದ ಕೂಡಲೇ ಕೀ ತಿರುಗಿಸಿದರೆ ಇನ್ನೊಂದು ತೊಂದರೆ. ಆಯಿಲ್ ಪಂಪ್ ನಿಲ್ಲುತ್ತದೆ, ಟರ್ಬೊ ಮಾತ್ರ ಕೆಂಡದಂತೆ ಕಾದಿರುತ್ತದೆ. ಅಲ್ಲೇ ನಿಂತ ಆಯಿಲ್ ಸುಟ್ಟು, ಎಣ್ಣೆ ಕಾಯಿಸಿದ ಬಾಣಲೆಯ ಅಂಚಿನಲ್ಲಿ ಕಟ್ಟುವ ಕರಿಯಂತೆ ಗಟ್ಟಿಯಾಗಿ, ಆಯಿಲ್ ಹರಿಯುವ ಸಣ್ಣ ದಾರಿಯನ್ನು ಕಟ್ಟುತ್ತದೆ. ಈಗಿನ ಹಲವು ಟರ್ಬೊಗಳ ಸುತ್ತ ಕೂಲೆಂಟ್ ಹರಿಯುತ್ತದೆ. ಕೆಲವದರಲ್ಲಿ ಎಂಜಿನ್ ಆಫ್ ಆದ ಮೇಲೂ ಎಲೆಕ್ಟ್ರಿಕ್ ಪಂಪ್ ಓಡುತ್ತದೆ. ಹಾಗಾಗಿ ದಿನದ ಓಡಾಟಕ್ಕೆ ಕಾಯುವ ಅಗತ್ಯ ಇಲ್ಲ. ಬೆಟ್ಟ ಹತ್ತಿದಾಗ, ಹೆದ್ದಾರಿಯಲ್ಲಿ ವೇಗವಾಗಿ ಬಂದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ಮಾತ್ರ ಒಂದು ನಿಮಿಷ ಎಂಜಿನ್ನನ್ನು ಐಡಲ್‌ನಲ್ಲಿ ಬಿಡಿ. ಶಿರಾ ರಸ್ತೆಯ ಡಾಬಾಗಳಲ್ಲಿ ಅನುಭವಿ ಲಾರಿ ಡ್ರೈವರ್‌ಗಳು ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಾ ಬಂದಿದ್ದಾರೆ. ಲಾರಿಗಳಿಗೆ ಟರ್ಬೊ ಬಂದದ್ದು ನಮ್ಮ ಸಣ್ಣ ಕಾರುಗಳಿಗಿಂತ ಎಷ್ಟೋ ಮೊದಲು.

ಡಬ್ಬಿಯ ಮೇಲೆ ಓದಬೇಕಾದ ಮೂರು ಸಾಲು

ಆಯಿಲ್ ಆರಿಸುವಾಗ ಬ್ರ್ಯಾಂಡ್ ಕೊನೆಯ ಪ್ರಶ್ನೆ. ಮೊದಲು ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ಮೂರು ವಿಷಯ ಬರೆದುಕೊಳ್ಳಿ.

ಮೊದಲನೆಯದು ದಪ್ಪ. 5ಡಬ್ಲ್ಯು-30 ಎಂದಿದ್ದರೆ ಮೊದಲ ಭಾಗ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, 30 ಎಂಬುದು ನೂರು ಡಿಗ್ರಿ ಬಿಸಿಯಲ್ಲಿ ಅದರ ದಪ್ಪಕ್ಕೆ. ‘ನಮ್ಮ ಕಡೆ ಬಿಸಿಲು ಜಾಸ್ತಿ, 20ಡಬ್ಲ್ಯು-50 ಹಾಕಿಸಿ, ಎಂಜಿನ್ ಗಟ್ಟಿ ಇರುತ್ತೆ’ ಎಂಬ ಸಲಹೆ ಇಂದಿಗೂ ಕೇಳಿಬರುತ್ತದೆ. ಹಳೆಯ ಎಂಜಿನ್‌ಗಳಿಗೆ ಅದು ಹೊಂದುತ್ತಿತ್ತು. ಈಗಿನ ಎಂಜಿನ್ನಿನಲ್ಲಿ ಹೊರಗೆ 20 ಡಿಗ್ರಿ ಇರಲಿ, ಏಪ್ರಿಲ್‌ನ 37 ಡಿಗ್ರಿ ಇರಲಿ, ಓಡುವಾಗ ಆಯಿಲ್ ಬಿಸಿ ಹೆಚ್ಚುಕಮ್ಮಿ 90ರಿಂದ 110 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ದಪ್ಪ ಆಯಿಲ್ ಮಾಡುವ ಕೆಡುಕು ಬೆಳಗಿನ ಸ್ಟಾರ್ಟ್‌ನಲ್ಲಿ. ಟರ್ಬೊಗೆ ಹೋಗುವ ಸಣ್ಣ ಪೈಪಿನ ತುದಿ ಮುಟ್ಟಲು ಅದು ತಡಮಾಡುತ್ತದೆ. ವಾಲ್ವ್ ಟೈಮಿಂಗ್ ಬದಲಿಸುವ ಭಾಗಗಳೂ ಆಯಿಲ್ ಒತ್ತಡದಿಂದಲೇ ನಡೆಯುವವು, ಅವೂ ತಡವರಿಸುತ್ತವೆ. ಹಾಗೆಂದು ಮೈಲೇಜ್ ಆಸೆಗೆ ಪುಸ್ತಕದಲ್ಲಿ ಇಲ್ಲದ 0ಡಬ್ಲ್ಯು-20 ಹಾಕುವುದೂ ತಪ್ಪು. 150 ಡಿಗ್ರಿ ಬಿಸಿ ಮತ್ತು ಭಾರೀ ಒತ್ತಡದಲ್ಲಿ ಪದರ ಎಷ್ಟು ನಿಲ್ಲುತ್ತದೆ ಎಂಬುದಕ್ಕೆ ಒಂದು ಅಳತೆ ಇದೆ. 20ರ ಆಯಿಲ್‌ಗೆ ಅದು ಕನಿಷ್ಠ 2.6, 30ಕ್ಕೆ 2.9, 5ಡಬ್ಲ್ಯು-40ಕ್ಕೆ 3.5. ನಿಮ್ಮ ಎಂಜಿನ್ ವಿನ್ಯಾಸ ಮಾಡಿದವರು ಇವುಗಳಲ್ಲಿ ಒಂದನ್ನು ಮನಸ್ಸಿನಲ್ಲಿಟ್ಟು ಬೇರಿಂಗ್ ಕೊರೆದಿರುತ್ತಾರೆ.

ಎರಡನೆಯದು ದರ್ಜೆ. ಸಣ್ಣ ಪೆಟ್ರೋಲ್ ಟರ್ಬೊಗೆ ಎಪಿಐ ಎಸ್‌ಪಿ ಅಥವಾ ಅದಕ್ಕಿಂತ ಹೊಸದು ಇರಲಿ. ಹಳೆಯ ‘ಎಸ್‌ಎನ್’ ಮಾತ್ರ ಬರೆದ ಡಬ್ಬಿ ಅಗ್ಗಕ್ಕೆ ಸಿಗಬಹುದು, ಎಲ್‌ಎಸ್‌ಪಿಐ ಪರೀಕ್ಷೆ ಅದಕ್ಕೆ ಆಗಿರುವುದಿಲ್ಲ. ಬಿಎಸ್6 ಡೀಸೆಲ್ ಕಾರಿನ ಮಾತು ಬೇರೆ. ಅದರ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇರುತ್ತದೆ. ಬೂದಿ ಹೆಚ್ಚು ಬಿಡುವ ಆಯಿಲ್ ಹಾಕಿದರೆ ಜರಡಿ ಕಟ್ಟುತ್ತದೆ. ಅಂಥ ಕಾರುಗಳಿಗೆ ಯುರೋಪಿನ ಎಸಿಇಎ ಸಂಸ್ಥೆಯ ಸಿ2, ಸಿ3 ಮುಂತಾದ ದರ್ಜೆಗಳಿವೆ. ಯಾವುದು ಎಂದು ಪುಸ್ತಕ ಹೇಳುತ್ತದೆ.

ಮೂರನೆಯದು ಕಾರು ಕಂಪನಿಯ ಸ್ವಂತ ಸಂಖ್ಯೆ. ಹೆಚ್ಚಿನವರು ಬಿಟ್ಟುಬಿಡುವ ಸಾಲು ಇದೇ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ 502 00ರಂಥ ಸಂಖ್ಯೆ ಇರುತ್ತದೆ. ಎರಡು ಡಬ್ಬಿಯ ಮೇಲೂ 5ಡಬ್ಲ್ಯು-30 ಎಂದೇ ಬರೆದಿದ್ದರೂ ಒಂದರ ಬಿಸಿಯ ಪದರ 2.9ರದ್ದು, ಇನ್ನೊಂದರದ್ದು 3.5 ಇರಬಹುದು. ವ್ಯತ್ಯಾಸ ತೋರಿಸುವುದು ಈ ಸಂಖ್ಯೆಯೇ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. 2013ರಲ್ಲಿ ಬಂದ ಫೋರ್ಡ್ ಇಕೋಸ್ಪೋರ್ಟ್‌ನ ಒಂದು ಲೀಟರ್ ಇಕೋಬೂಸ್ಟ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ನೆನೆದು ತಿರುಗುತ್ತದೆ. ತಪ್ಪು ಆಯಿಲ್ ಅಥವಾ ಪೆಟ್ರೋಲ್ ಬೆರೆತ ಹಳೆಯ ಆಯಿಲ್ ಆ ಬೆಲ್ಟನ್ನು ಕೊರೆಯುತ್ತದೆ. ಉದುರಿದ ಚೂರು ಎಂಜಿನ್ ತಳದ ಆಯಿಲ್ ಸಂಪಿನ ಜರಡಿಗೆ ಸಿಕ್ಕಿದರೆ ಆಯಿಲ್ ಒತ್ತಡವೇ ಬೀಳುತ್ತದೆ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಕಾರುಗಳು ಇನ್ನೂ ಓಡುತ್ತಿವೆ, ಹೆಚ್ಚಿನವು ಹೊರಗಿನ ಗ್ಯಾರೇಜುಗಳಲ್ಲಿ ಸರ್ವೀಸ್ ಆಗುತ್ತಿವೆ. ಅಂಥ ಕಾರು ಇಟ್ಟುಕೊಂಡವರು ಆ ಎಂಜಿನ್ನಿಗೆ ಫೋರ್ಡ್ ಹೇಳಿದ ಆಯಿಲ್ ಯಾವುದೆಂದು ಮೆಕ್ಯಾನಿಕ್‌ಗೆ ಬರೆದು ಕೊಡುವುದು ಒಳ್ಳೆಯದು.

ಯಾವಾಗ ಬದಲಿಸಬೇಕು?

ಮಾರುತಿ, ಹುಂಡೈ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾಗೆ 15,000 ಕಿ.ಮೀ. ಅಥವಾ ಒಂದು ವರ್ಷ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಇವುಗಳಲ್ಲಿ ಯಾವುದು ಮೊದಲೋ ಅದು. ಆದರೆ ಸರ್ವೀಸ್ ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಪಟ್ಟಿ ಇರುತ್ತದೆ: ಹತ್ತಿರದ ಓಡಾಟ, ಧೂಳಿನ ರಸ್ತೆ, ಟ್ರಾಫಿಕ್‌ನಲ್ಲಿ ನಿಂತು ನಿಂತು ಚಲಿಸುವುದು, ಬೆಟ್ಟದ ರಸ್ತೆ. ಇವಿದ್ದರೆ ಅದು ಕಠಿಣ ಬಳಕೆ, ಆಯಿಲ್ ಇನ್ನೂ ಬೇಗ ಬದಲಿಸಬೇಕು ಎಂದು ಅಲ್ಲಿ ಬರೆದಿರುತ್ತದೆ. ನಮ್ಮ ಜಿಲ್ಲೆಯ ಬಹುಪಾಲು ಕಾರುಗಳು ಬರುವುದು ಈ ಎರಡನೇ ಪಟ್ಟಿಗೆ.

ಕೋರದ ಕಾರಿಗೆ ಮರಳೋಣ. ಟಿ-ಜಿಡಿಐ, ಟಿಎಸ್‌ಐ, ಬೂಸ್ಟರ್‌ಜೆಟ್ ಎಂಜಿನ್‌ಗಳಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರ್ ಒಳಗೇ ಸಿಂಪಡಿಸುತ್ತಾರೆ. ಎಂಜಿನ್ ತಣ್ಣಗಿದ್ದಾಗ ಅದರಲ್ಲಿ ಸ್ವಲ್ಪ ಪಾಲು ಉರಿಯದೆ ಸಿಲಿಂಡರ್ ಗೋಡೆಗೆ ಅಂಟಿ, ರಿಂಗ್ ದಾಟಿ ಸಂಪಿಗೆ ಇಳಿಯುತ್ತದೆ. ಉರಿದದ್ದರಿಂದ ಹುಟ್ಟಿದ ನೀರಿನ ಆವಿಯೂ ತಣ್ಣನೆಯ ಭಾಗಗಳಲ್ಲಿ ಹನಿಯಾಗಿ ಆಯಿಲ್ ಸೇರುತ್ತದೆ. ಕಾರು ಅರ್ಧ ಗಂಟೆ ಚೆನ್ನಾಗಿ ಓಡಿದರೆ ಇವು ಆವಿಯಾಗಿ ಹೊರಟುಹೋಗುತ್ತವೆ. ಕೂಲೆಂಟಿನ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಪೂರ್ತಿ ಬಿಸಿಯಾಗಲು ಇನ್ನೂ ಹಲವು ನಿಮಿಷ ಬೇಕು. ಅಷ್ಟರಲ್ಲಿ ಕೋರದ ಕಾರು ಕಾರ್ಖಾನೆಯ ಗೇಟ್ ಮುಟ್ಟಿರುತ್ತದೆ. ದಿನದಿನವೂ ಪೆಟ್ರೋಲ್, ನೀರು ಸೇರುತ್ತಾ ಆಯಿಲ್ ತೆಳ್ಳಗಾಗುತ್ತದೆ, ಆಮ್ಲ ಹುಟ್ಟುತ್ತದೆ.

ಇದಕ್ಕೆ ಈಗ ಎಥನಾಲ್ ಸೇರಿದೆ. 2023ರ ಫೆಬ್ರುವರಿ 6ರಂದು ಪ್ರಧಾನಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನು ದೇಶಕ್ಕೆ ಅರ್ಪಿಸಿದ ದಿನವೇ ಬೆಂಗಳೂರಿನಲ್ಲಿ ಇ20 ಪೆಟ್ರೋಲ್‌ಗೂ ಚಾಲನೆ ಕೊಟ್ಟರು. ಶೇ 20 ಎಥನಾಲ್ ಇರುವ ಆ ಪೆಟ್ರೋಲ್ ಈಗ ಎಲ್ಲ ಬಂಕ್‌ಗಳಲ್ಲೂ ಇದೆ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು, ನೀರನ್ನೂ ಅದು ಬೇಗ ಸೆಳೆಯುತ್ತದೆ. ದೂರ ಓಡುವ ಕಾರಿನ ಆಯಿಲ್‌ಗೆ ಇದು ದೊಡ್ಡ ಹೊರೆಯಲ್ಲ. ಬಿಸಿಯಾಗುವ ಮೊದಲೇ ನಿಲ್ಲುವ ಕಾರಿನಲ್ಲಿ ಎಥನಾಲ್ ಮತ್ತು ನೀರು ಎರಡೂ ಸಂಪಿನಲ್ಲೇ ಉಳಿಯುತ್ತವೆ.

ದೂರದ ಜೊತೆ ಗಂಟೆಯನ್ನೂ ಲೆಕ್ಕ ಹಾಕಿ. ಗಂಟೆಗೆ ಸರಾಸರಿ 60 ಕಿ.ಮೀ. ಹೋದರೆ 10,000 ಕಿ.ಮೀ.ಗೆ ಎಂಜಿನ್ ಓಡುವುದು 167 ಗಂಟೆ. ತುಮಕೂರಿನ ಬಟವಾಡಿಯಿಂದ ಗುಬ್ಬಿ ಗೇಟ್‌ವರೆಗಿನ ಟ್ರಾಫಿಕ್‌ನಂಥ ಓಡಾಟದಲ್ಲಿ ಸರಾಸರಿ 20 ಬಂದರೆ ಅದೇ ದೂರಕ್ಕೆ 500 ಗಂಟೆ. ಮೀಟರ್ ತೋರಿಸುವ ಸಂಖ್ಯೆ ಒಂದೇ, ಆಯಿಲ್ ದುಡಿದದ್ದು ಮೂರು ಪಟ್ಟು. ಈಗಿನ ಹೆಚ್ಚಿನ ಕಾರುಗಳ ಮೀಟರ್ ಪರದೆ ಸರಾಸರಿ ವೇಗ ತೋರಿಸುತ್ತದೆ. ಆಯಿಲ್ ಬದಲಿಸಿದ ದಿನ ಅದನ್ನು ಸೊನ್ನೆ ಮಾಡಿ. ಓಡಿದ ಕಿಲೋಮೀಟರನ್ನು ಸರಾಸರಿ ವೇಗದಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ಸಣ್ಣ ಟರ್ಬೊಗೆ 250 ಗಂಟೆ ನಾನು ಒಪ್ಪುವ ಮಿತಿ.

ಈಗ ಮೂರು ಊರಿನ ಮೂರು ಕಾರಿಗೆ ನನ್ನ ಸಲಹೆ. ಕೋರದಿಂದ ಕಾರ್ಖಾನೆಗೆ ಮಾತ್ರ ಹೋಗುವ ಕಾರಿಗೆ ಕಿಲೋಮೀಟರ್ ಎಷ್ಟೇ ಇರಲಿ, ಆರು ತಿಂಗಳಿಗೆ ಆಯಿಲ್ ಬದಲಿಸಿ. ವಾರಕ್ಕೊಮ್ಮೆ ಶಿರಾ ಕಡೆಗೆ ಹೆದ್ದಾರಿಯಲ್ಲಿ ಅರ್ಧ ಗಂಟೆಯಾದರೂ ನಿಲ್ಲಿಸದೆ ಓಡಿಸಿ. ಗುಬ್ಬಿಯಿಂದ ತುಮಕೂರಿಗೆ ದಿನಾ ಇಪ್ಪತ್ತು ಕಿ.ಮೀ. ಹೋಗಿ ಅಷ್ಟೇ ದೂರ ಬರುವ ಕಾರಿಗೆ 7,500 ಕಿ.ಮೀ. ಸರಿಯಾದ ಅಳತೆ. ಸರಾಸರಿ ವೇಗ 30 ಇದ್ದರೆ ಅದು ನಿಖರವಾಗಿ 250 ಗಂಟೆ. ಗಣಿ ಮತ್ತು ಕ್ರಷರ್ ಲಾರಿಗಳು ಧೂಳೆಬ್ಬಿಸುವ ರಸ್ತೆಯಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಐದು ಸಾವಿರಕ್ಕೊಮ್ಮೆ ತೆಗೆದು ನೋಡಬೇಕು. ಕಲ್ಲಿನ ಪುಡಿ ಒಳಗೆ ಹೋದರೆ ಎಂಥ ದುಬಾರಿ ಆಯಿಲ್ಲೂ ಎಂಜಿನ್ನನ್ನು ಕಾಪಾಡದು. ಕುಣಿಗಲ್ಲಿನಿಂದ ಬೆಂಗಳೂರಿಗೆ ಓಡುವ ಕಾರು ಹತ್ತು ಸಾವಿರದವರೆಗೆ ನಿಶ್ಚಿಂತೆಯಿಂದ ಹೋಗಬಹುದು. ಪುಸ್ತಕ ಹದಿನೈದು ಸಾವಿರ ಅಂದರೂ ಹತ್ತಕ್ಕೇ ಬದಲಿಸಿ ಎಂದೇ ನಾನು ಹೇಳುತ್ತೇನೆ.

ಖರ್ಚಿನ ಮಾತು ಬಂದೇ ಬರುತ್ತದೆ. ಈ ಎಂಜಿನ್‌ಗಳಿಗೆ ಹಿಡಿಸುವುದು ಸಾಧಾರಣವಾಗಿ ಮೂರೂವರೆಯಿಂದ ನಾಲ್ಕೂವರೆ ಲೀಟರ್. ವರ್ಷಕ್ಕೆ ಒಂದು ಸಲ ಹೆಚ್ಚಿಗೆ ಬದಲಿಸಿದರೂ ಫಿಲ್ಟರ್ ಸೇರಿ ಕೆಲವು ಸಾವಿರ ರೂಪಾಯಿ. ಹೊಸ ಟರ್ಬೊ ಹಾಕಿಸುವ ಬಿಲ್ಲಿನ ಪಕ್ಕದಲ್ಲಿಟ್ಟರೆ ಅದು ಏನೂ ಅಲ್ಲ. ಆಯಿಲ್ ಜೊತೆ ಆಯಿಲ್ ಫಿಲ್ಟರ್ ಪ್ರತಿ ಸಲವೂ ಹೊಸದಾಗಲಿ. ಫ್ಲಶ್, ಮೇಲಿಂದ ಸುರಿಯುವ ಸಣ್ಣ ಬಾಟಲಿಯ ದ್ರಾವಣ ಇವಕ್ಕೆ ಕೊಡುವ ಹಣವನ್ನು ಒಳ್ಳೆಯ ಆಯಿಲ್‌ಗೆ ಕೊಡಿ.

ಕಡ್ಡಿ ಹೇಳುವ ಸತ್ಯ

ಹದಿನೈದು ದಿನಕ್ಕೊಮ್ಮೆ ಬಾನೆಟ್ ಎತ್ತಿ. ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಆಗಿರಲಿ. ಡಿಪ್‌ಸ್ಟಿಕ್ ಹೊರಗೆಳೆದು ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ತಳ್ಳಿ ಮತ್ತೆ ತೆಗೆಯಿರಿ. ಎರಡು ಗುರುತಿನ ನಡುವೆ ಆಯಿಲ್ ಇದ್ದರೆ ಸರಿ. ಟರ್ಬೊ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ಕೆಳಗಿನ ಗುರುತಿಗೆ ಬಂದರೆ ಅದೇ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಮೇಲಿನ ಗುರುತು ದಾಟಬಾರದು. ಮಟ್ಟ ಇಳಿಯುವ ಬದಲು ಏರುತ್ತಿದ್ದರೆ, ಕಡ್ಡಿಯ ತುದಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಒಳಗೆ ಇಂಧನ ಸೇರಿದೆ ಎಂದೇ ಅರ್ಥ. ಕಿಲೋಮೀಟರ್ ನೋಡದೆ ಆಯಿಲ್ ಬದಲಿಸಿ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಂಡರೆ ನೀರು ಸೇರಿರುತ್ತದೆ. ಬಣ್ಣ ಕಪ್ಪಾಯಿತೆಂದು ಮಾತ್ರ ಹೆದರಬೇಡಿ. ಕೊಳೆ ಹಿಡಿದಿಟ್ಟುಕೊಳ್ಳುವ ಆಯಿಲ್ ಕಪ್ಪಾಗಲೇಬೇಕು. ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಆಯಿಲ್ ಒಂದೆರಡು ದಿನದಲ್ಲೇ ಕಪ್ಪಾಗುತ್ತದೆ.

ಕೊಳ್ಳುವಾಗ ಸೀಲ್, ಬ್ಯಾಚ್ ಸಂಖ್ಯೆ, ತಯಾರಿಸಿದ ತಿಂಗಳು ನೋಡಿ ಬಿಲ್ ಪಡೆಯಿರಿ. ವಾರಂಟಿ ಇರುವ ಕಾರಿಗೆ ಆ ಬಿಲ್ಲೇ ಸಾಕ್ಷಿ. ಖಾಲಿ ಡಬ್ಬಿಗೆ ನಿಮ್ಮ ಕಣ್ಣೆದುರೇ ತೂತು ಹಾಕಿಸಿ. ನಕಲಿ ಆಯಿಲ್ ತುಂಬುವವರು ಹುಡುಕುವುದು ಹಾಳಾಗದ ಅಸಲಿ ಡಬ್ಬಿಗಳನ್ನು.

ಬೇಗ ಬದಲಿಸಿ ಎಂದು ಹೇಳಿದ ಮೇಲೆ ಇಳಿಸಿದ ಹಳೆಯ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದೂ ನನ್ನ ಜವಾಬ್ದಾರಿ. ಸೆಂಟ್ರಿಂಗ್ ಶೀಟಿಗೆ ಸವರಲು, ತೆಂಗಿನ ತೋಟದ ಬೇಲಿಗೂಟಕ್ಕೆ ಗೆದ್ದಲು ಹಿಡಿಯದಿರಲೆಂದು ಬಳಿಯಲು ಅದನ್ನು ಒಯ್ಯುವ ರೂಢಿ ನಮ್ಮಲ್ಲಿದೆ. ಬಳಸಿದ ಎಂಜಿನ್ ಆಯಿಲ್ 2016ರ ನಿಯಮಗಳಲ್ಲಿ ಅಪಾಯಕಾರಿ ತ್ಯಾಜ್ಯ. ಪದೇ ಪದೇ ಚರ್ಮಕ್ಕೆ ತಾಗಿದರೆ ಕ್ಯಾನ್ಸರಿನ ಅಪಾಯ. ಒಂದು ಲೀಟರ್ ನೀರಿಗೆ ಸೇರಿದರೆ ಲಕ್ಷಗಟ್ಟಲೆ ಲೀಟರ್ ಕುಡಿಯಲು ಬಾರದಂತಾಗುತ್ತದೆ. ತುಮಕೂರು ಕುಡಿಯುವುದು ಹೇಮಾವತಿ ನಾಲೆಯಿಂದ ಬುಗುಡನಹಳ್ಳಿ ಕೆರೆಗೆ ಬಂದ ನೀರನ್ನು. ಚರಂಡಿಗೆ, ತೋಟಕ್ಕೆ ಸುರಿದ ಆಯಿಲ್ ಕೆರೆಯ ದಾರಿ ಹಿಡಿಯಲು ಒಂದು ಮಳೆ ಸಾಕು. 2024ರ ಏಪ್ರಿಲ್ 1ರಿಂದ ಬಳಸಿದ ಆಯಿಲನ್ನು ಮರಳಿ ಶುದ್ಧೀಕರಿಸುವ ಹೊಣೆ ಆಯಿಲ್ ತಯಾರಕರ ಮೇಲೂ ಬಿದ್ದಿದೆ. ಆ ವ್ಯವಸ್ಥೆ ನಡೆಯುವುದು ಗ್ಯಾರೇಜುಗಳು ಪೀಪಾಯಿಯಲ್ಲಿ ಕೂಡಿಟ್ಟು ಅನುಮತಿ ಪಡೆದ ಸಂಗ್ರಾಹಕರಿಗೆ ಕೊಟ್ಟರೆ ಮಾತ್ರ. ಹಾಗೆ ಮಾಡುವ ಗ್ಯಾರೇಜಿಗೇ ಕಾರು ಒಯ್ಯುವುದು ನಮ್ಮ ಕೈಯಲ್ಲಿದೆ.

ಮುಂದಿನ ಸಲ ಸರ್ವೀಸ್‌ಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಆರು ವಿಷಯ ಬರೆದುಕೊಳ್ಳಿ: ಪುಸ್ತಕ ಹೇಳಿದ ದಪ್ಪ, ದರ್ಜೆ, ಕಂಪನಿಯ ಸಂಖ್ಯೆ, ಕಳೆದ ಬಾರಿ ಬದಲಿಸಿದ ತಾರೀಖು, ಆಗಿನ ಕಿಲೋಮೀಟರ್, ಅಲ್ಲಿಂದೀಚೆಗಿನ ಸರಾಸರಿ ವೇಗ. ಆ ಚೀಟಿಯನ್ನು ಮೆಕ್ಯಾನಿಕ್ ಕೈಗೆ ಕೊಟ್ಟು, ಅದರಲ್ಲಿ ಬರೆದ ಆಯಿಲನ್ನೇ ಹಾಕಿ ಎಂದು ಹೇಳಿ. ಸಣ್ಣ ಎಂಜಿನ್ನಿನಿಂದ ದೊಡ್ಡ ಎಂಜಿನ್ನಿನ ಕೆಲಸ ತೆಗೆಯುತ್ತಿರುವ ನಾವು ಅದಕ್ಕೆ ಕೊಡಬೇಕಾದ ಕನಿಷ್ಠ ಗಮನ ಇಷ್ಟು.